ಅಡ್ವಾನ್ಸ್ ನಿಮ್ಮ ದುಡ್ಡಲ್ಲ ಸ್ವಾಮಿ!



ಬೆಂಗಳೂರಿನ ಯಾವ ಹಳೇ ಬಡಾವಣೆಗೆ ಬೇಕಾದರೂ ಹೋಗಿ ನೋಡಿ. ರಾಜಾಜಿನಗರ, ಮಹಾಲಕ್ಷ್ಮಿ ಬಡಾವಣೆ, ಕಾಮಾಕ್ಷಿಪಾಳ್ಯ, ಶ್ರೀನಗರ... ಮೂವತ್ತು-ನಲವತ್ತರ ಒಂದು ಸೈಟು. ಕೆಳಗೆ ಮಾಲೀಕರು, ಮೇಲೆ ಎರಡೋ ಮೂರೋ ಬಾಡಿಗೆ ಮನೆ. ಈ ಮಾಲೀಕರು ಯಾರು? ಕುಬೇರನ ಮಕ್ಕಳಲ್ಲ. ಎಚ್‌ಎಂಟಿ, ಐಟಿಐ, ಬಿಇಎಲ್‌ಗಳಲ್ಲಿ ಪಾಳಿ ದುಡಿದವರು. ಬಿಟಿಎಸ್ ಕಾಲದಿಂದ ಬಸ್ಸಿನಲ್ಲಿ ಟಿಕೆಟ್ ಹರಿದವರು. ಸರ್ಕಾರಿ ಶಾಲೆಯ ಮೇಷ್ಟರು, ಗುಮಾಸ್ತರು, ದಿನಸಿ ಅಂಗಡಿಯವರು. ಪಿ.ಎಫ್. ದುಡ್ಡು, ಹೆಂಡತಿಯ ಒಡವೆ, ಊರಿನ ಅರ್ಧ ಎಕರೆ, ಎಲ್ಲವನ್ನೂ ಕರಗಿಸಿ ಮೇಲೊಂದು ಅಂತಸ್ತು ಎತ್ತಿದವರು. ಪಿಂಚಣಿ ಇಲ್ಲದ ಮನೆಗಳಲ್ಲಿ ಆ ಬಾಡಿಗೆಯೇ ಪಿಂಚಣಿ.

ಈ ಊರಿನಲ್ಲಿ ಸಾಮಾನ್ಯ ಕನ್ನಡಿಗನ ಹೆಸರಿನಲ್ಲಿ ಉಳಿದಿರುವ ನೆಲ ಎಂದರೆ ಹೆಚ್ಚುಕಡಿಮೆ ಇದೇ. ಅದೂ ಒಂದೊಂದಾಗಿ ಕೈಬಿಡುತ್ತಿದೆ. ಯಾರೋ ಬಂದು ಕಿತ್ತುಕೊಂಡರು ಎಂದು ಕೂಗುವುದು ಸುಲಭ, ನಾವೂ ಕೂಗಿದ್ದೇವೆ. ಆದರೆ ಈ ಸೈಟುಗಳ ವಿಷಯದಲ್ಲಿ ಬಹಳಷ್ಟು ಸಲ ಕಿತ್ತುಕೊಂಡವರು ಯಾರೂ ಇಲ್ಲ. ಮಾಲೀಕರೇ ಲೆಕ್ಕ ಹಾಕದೆ ಸಾಲ ಮಾಡಿದರು, ಅಡ್ವಾನ್ಸ್ ಹಣವನ್ನು ತಿಂದು ಕುಳಿತರು, ಓದಲು ಬಾರದ ಕಾಗದಕ್ಕೆ ರುಜು ಹಾಕಿದರು. ಕೊನೆಗೆ ಮಾರಿ ನೆಲಮಂಗಲದ ಆಚೆಗೋ ಹೊಸಕೋಟೆಯ ಆಚೆಗೋ ಹೋದರು. ಇಂದು ಅವರ ಜೊತೆ ನೇರವಾಗಿ ಮಾತಾಡಬೇಕಾಗಿದೆ.

ಮೊದಲು ಲೆಕ್ಕ. ಒಂದು ಪೆನ್ಸಿಲ್ ಹಿಡಿದುಕೊಳ್ಳಿ.

ನಿಮ್ಮ ಸೈಟಿನ ಮೇಲೆ ಮೂರು ಬಾಡಿಗೆ ಮನೆ ಎಬ್ಬಿಸಲು ಬ್ಯಾಂಕಿನಿಂದ 40 ಲಕ್ಷ ಸಾಲ ಪಡೆಯುತ್ತೀರಿ ಎಂದುಕೊಳ್ಳಿ. ಬಡ್ಡಿ ಶೇ. 9, ಅವಧಿ 20 ವರ್ಷ. ತಿಂಗಳ ಕಂತು ಸುಮಾರು 36,000 ರೂ. ಮನೆಯೊಂದಕ್ಕೆ 14,000ದಂತೆ ಮೂರಕ್ಕೆ 42,000 ಬಂತು. ಆರು ಸಾವಿರ ಉಳಿಯಿತಲ್ಲ ಎಂದು ಹಿಗ್ಗಬೇಡಿ. ವರ್ಷಕ್ಕೆ ಒಂದು ತಿಂಗಳು ಪ್ರತಿ ಮನೆಯೂ ಖಾಲಿ ಬೀಳುತ್ತದೆ ಎಂದು ಹಿಡಿಯಿರಿ. ಹನ್ನೊಂದು ತಿಂಗಳ ಬಾಡಿಗೆಯನ್ನು ಹನ್ನೆರಡಕ್ಕೆ ಹಂಚಿದರೆ ಕೈಗೆ ಬರುವುದು 38,500. ಅದರಲ್ಲಿ ಕಂದಾಯ, ಸುಣ್ಣಬಣ್ಣ, ಸುಟ್ಟುಹೋದ ಮೋಟಾರು, ಸೋರುವ ಸಂಪು, ಬ್ರೋಕರನ ಒಂದು ತಿಂಗಳ ಬಾಡಿಗೆ ಕಳೆಯಿರಿ. ಏನು ಉಳಿಯಿತು? ಏನೂ ಇಲ್ಲ. ಇಪ್ಪತ್ತು ವರ್ಷ ನೀವು ಬ್ಯಾಂಕಿನ ಪರವಾಗಿ ಬಾಡಿಗೆ ವಸೂಲಿ ಮಾಡುವ ಗುಮಾಸ್ತರು, ಅಷ್ಟೇ! ಸಾಲ 20 ಲಕ್ಷವೇ ಆಗಿದ್ದರೆ ಕಂತು 18,000ಕ್ಕೆ ಇಳಿಯುತ್ತದೆ, ಆಗ ಅದೇ ಮನೆ ನಿಮ್ಮನ್ನು ಸಾಕುತ್ತದೆ. ಎಷ್ಟು ಅಂತಸ್ತು ಎಂಬುದಕ್ಕಿಂತ ಎಷ್ಟು ಸಾಲ ಎಂಬುದೇ ಇಲ್ಲಿ ಮುಖ್ಯ. ಬರುವ ಬಾಡಿಗೆಯ ಅರ್ಧಕ್ಕಿಂತ ಕಂತು ಮೇಲೆ ಹೋಗಬಾರದು ಎಂಬುದು ನಮ್ಮ ಮಾತು. ಜಾಸ್ತಿ ಎಚ್ಚರಿಕೆ ಎನಿಸಿದರೆ 2020ನ್ನು ನೆನೆಸಿಕೊಳ್ಳಿ. ಕೊರೋನಾ ಬಂದು ಹುಡುಗರೆಲ್ಲ ಊರಿಗೆ ಹೋದಾಗ ಎಷ್ಟು ಬೀದಿಗಳಲ್ಲಿ ‘ಟು ಲೆಟ್’ ಬೋರ್ಡು ತಿಂಗಳುಗಟ್ಟಲೆ ನೇತಾಡಿತು! ಬ್ಯಾಂಕಿನವರು ಮುಂದಕ್ಕೆ ಹಾಕಿದ ಕಂತಿಗೂ ಬಡ್ಡಿ ಓಡುತ್ತಲೇ ಇತ್ತು.

ಬಾಡಿಗೆಗೆ ಕೊಡಲೆಂದೇ ಫ್ಲಾಟ್ ಕೊಳ್ಳುವ ಹುಚ್ಚು ಈಗ ಸಣ್ಣ ನೌಕರರಿಗೂ ಹಿಡಿದಿದೆ. 80 ಲಕ್ಷದ ಫ್ಲಾಟು, ತಿಂಗಳಿಗೆ 22,000 ಬಾಡಿಗೆ ಎಂದರೆ ವರ್ಷಕ್ಕೆ 2 ಲಕ್ಷ 64 ಸಾವಿರ. ಹಾಕಿದ ದುಡ್ಡಿಗೆ ಶೇ. 3.3. ನೀವು ಬ್ಯಾಂಕಿಗೆ ಕಟ್ಟುವ ಬಡ್ಡಿ ಅದರ ಎರಡೂವರೆ ಪಟ್ಟು. ‘ಬೆಲೆ ಏರುತ್ತದೆ ಸಾರ್’ ಎನ್ನುತ್ತಾನೆ ಬ್ರೋಕರ್. ಏರಬಹುದು. ಆದರೆ ಏರಿದ ಬೆಲೆ ಕೈಗೆ ಸಿಗುವುದು ಮಾರಿದಾಗ, ಕಂತು ಕಟ್ಟಬೇಕಾದ್ದು ಪ್ರತಿ ತಿಂಗಳು 5ನೇ ತಾರೀಕು. ಸೈಟು ಇರುವವನು ಅದರ ಮೇಲೆ ಕಟ್ಟುವುದು ಬೇರೆ, ಸಾಲ ಮಾಡಿ ಫ್ಲಾಟ್ ಕೊಂಡು ಬಾಡಿಗೆಯಲ್ಲಿ ಸಾಲ ತೀರಿಸುತ್ತೇನೆ ಎನ್ನುವುದು ಬೇರೆ.

ಈಗ ಅಡ್ವಾನ್ಸಿಗೆ ಬರೋಣ. ರೋಗದ ಮೂಲ ಅಲ್ಲಿದೆ.

ಹತ್ತು ತಿಂಗಳ ಅಡ್ವಾನ್ಸ್ ಪಡೆಯುವುದು ಬೆಂಗಳೂರಿನ ಹಳೆಯ ಚಾಳಿ. ಮೂರು ಮನೆಗೆ 14,000ದ ಲೆಕ್ಕದಲ್ಲಿ 4 ಲಕ್ಷ 20 ಸಾವಿರ ಒಟ್ಟಿಗೆ ಕೈಗೆ ಬರುತ್ತದೆ. ಅಂದು ಮನೆಯಲ್ಲಿ ಹಬ್ಬ! ಮಗಳ ಮದುವೆಯ ಛತ್ರಕ್ಕೆ ಒಂದಿಷ್ಟು, ಮಗನ ಬೈಕಿಗೆ ಒಂದಿಷ್ಟು, ಊರ ಜಾತ್ರೆಗೆ ಒಂದಿಷ್ಟು. ಒಂದು ವರ್ಷದ ನಂತರ ಬಾಡಿಗೆಯವರು ‘ಸಾರ್, ಮುಂದಿನ ತಿಂಗಳು ಖಾಲಿ ಮಾಡ್ತೀವಿ’ ಅನ್ನುತ್ತಾರೆ. ಮಾಲೀಕರ ಎದೆ ಧಸಕ್ಕೆನ್ನುತ್ತದೆ. ದುಡ್ಡೆಲ್ಲಿದೆ? ‘ಹೊಸಬರು ಬಂದ ಮೇಲೆ ಕೊಡ್ತೀನಪ್ಪ’ ಎಂಬ ರಾಗ ಶುರು. ಹೊಸಬರು ಸಿಗುವವರೆಗೆ ಹಳಬರಿಗೆ ದುಡ್ಡಿಲ್ಲ, ಹೊಸಬರಿಂದ ಇನ್ನೂ ದೊಡ್ಡ ಅಡ್ವಾನ್ಸ್ ಕೇಳದೆ ಗತಿಯಿಲ್ಲ. ‘ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ಈರಭದ್ರ’ ಎಂಬ ಗಾದೆಯನ್ನು ನಮ್ಮ ಮಾಲೀಕರು ಬಾಳಿನ ಧರ್ಮ ಮಾಡಿಕೊಂಡಂತಿದೆ.

ಸ್ವಾಮಿ, ಅಡ್ವಾನ್ಸ್ ಎಂಬುದು ನಿಮ್ಮ ಆದಾಯವಲ್ಲ. ಅದು ಬಾಡಿಗೆದಾರ ನಿಮಗೆ ಬಡ್ಡಿಯಿಲ್ಲದೆ ಕೊಟ್ಟ ಸಾಲ. ಬೇರೆ ಉಳಿತಾಯ ಖಾತೆ ತೆರೆದು ಹಾಕಿಡಿ, ಇಲ್ಲವೇ ಬೇಕಾದಾಗ ಮುರಿಯಬಹುದಾದ ಠೇವಣಿ ಮಾಡಿ. ಬಂದ ಬಡ್ಡಿಯನ್ನು ಮಾತ್ರ ತಿನ್ನಿ. ಇಷ್ಟು ಮಾಡಿದ ಮಾಲೀಕ ಬಾಡಿಗೆದಾರನ ಎದುರು ತಲೆ ಎತ್ತಿ ನಿಲ್ಲುತ್ತಾನೆ. ಬಾಡಿಗೆ ಕೊಡದವನಿಗೆ ‘ನಾಳೆಯೇ ಅಡ್ವಾನ್ಸ್ ತಗೊಂಡು ಹೊರಡಪ್ಪ’ ಎನ್ನುವ ಶಕ್ತಿ ಇರುವುದು ದುಡ್ಡು ಇಟ್ಟುಕೊಂಡವನಿಗೆ ಮಾತ್ರ. ಮತ್ತೊಂದು ಮಾತು: 20,000 ರೂ. ಅಥವಾ ಅದಕ್ಕಿಂತ ಹೆಚ್ಚಿನ ಠೇವಣಿಯನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ. ಬ್ಯಾಂಕ್ ಮೂಲಕವೇ ಪಡೆಯಿರಿ, ಬ್ಯಾಂಕ್ ಮೂಲಕವೇ ಹಿಂದಿರುಗಿಸಿ. ಆಗ ‘ಕೊಟ್ಟೆ-ಕೊಟ್ಟಿಲ್ಲ’ದ ಜಗಳವೂ ಇರುವುದಿಲ್ಲ.

ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ ಎಂದಿದೆ. ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರಷ್ಟೇ ಅನ್ವಯ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯಲು ಅಷ್ಟು ಸಾಕು. ಇಂದು ಹತ್ತು ತಿಂಗಳ ಅಡ್ವಾನ್ಸ್ ತಿಂದು ಕುಳಿತವನು, ನಾಳೆ ಎರಡೇ ತಿಂಗಳು ಎಂದು ಕಾನೂನು ಬಂದರೆ ಹಳಬರಿಗೆ ಎಲ್ಲಿಂದ ತಂದು ಕೊಡುತ್ತಾನೆ?

ಇದರಲ್ಲಿ ಕನ್ನಡಿಗನಿಗೆ ಇನ್ನೊಂದು ಪೆಟ್ಟಿದೆ. ರಾಯಚೂರಿನಿಂದಲೋ ಕಲಬುರಗಿಯಿಂದಲೋ ಮೊದಲ ನೌಕರಿಗೆ ಬಂದ ಹುಡುಗ ಒಂದೂವರೆ ಲಕ್ಷ ಅಡ್ವಾನ್ಸ್ ಎಲ್ಲಿಂದ ತರಬೇಕು? ನಮ್ಮ ಮಾಲೀಕರು ‘ಕನ್ನಡದವರಿಗೇ ಕೊಡಬೇಕು ಅಂತ ಆಸೆ ಸಾರ್, ಆದರೆ ಅವರ ಹತ್ತಿರ ಅಡ್ವಾನ್ಸ್ ಇಲ್ಲ’ ಎಂದು ಹಲ್ಲು ಕಿರಿಯುತ್ತಾರೆ. ನವೆಂಬರ್ ತಿಂಗಳಲ್ಲಿ ಬೀದಿಯ ಬಾವುಟದ ಕೆಳಗೆ ಹೂ ಹಾಕುವವರೂ ಇವರೇ! ಮೂರು ತಿಂಗಳ ಅಡ್ವಾನ್ಸಿಗೆ ಇಳಿದು ನೋಡಿ. ಬೋರ್ಡು ಹಾಕಿದ ವಾರದಲ್ಲೇ ಮನೆ ತುಂಬುತ್ತದೆ. ಖಾಲಿ ಬಿದ್ದ ಎರಡು ತಿಂಗಳ ನಷ್ಟಕ್ಕಿಂತ ಅದು ಅಗ್ಗ. ಮನೆ ಹಾಳು ಮಾಡಿಬಿಟ್ಟರೆ ಎನ್ನುವಿರಾ? ಮನೆ ಕೊಡುವ ದಿನವೇ ಗೋಡೆ, ನಲ್ಲಿ, ಸ್ವಿಚ್ಚು, ಬಾಗಿಲು ಎಲ್ಲದರ ಫೋಟೋ ತೆಗೆದು ಇಬ್ಬರೂ ಇಟ್ಟುಕೊಳ್ಳಿ. ಒಂದು ವರ್ಷ ಇದ್ದು ಹೋದ ಪಾಪದವನ ಹತ್ತಿರವೂ ಬಣ್ಣಕ್ಕೆಂದು ಇಡೀ ತಿಂಗಳ ಬಾಡಿಗೆ ಮುರಿದುಕೊಳ್ಳುವ ದುರಾಸೆ ಬಿಡಿ.

ಅಡ್ವಾನ್ಸಿಗಿಂತ ಘೋರವಾದದ್ದು ಭೋಗ್ಯ. ‘ಲೀಸ್’ ಎಂದು ಬೋರ್ಡು ಹಾಕುತ್ತಾರಲ್ಲ, ಅದು. ಒಂದೇ ಸಲ 15 ಲಕ್ಷ ತೆಗೆದುಕೊಂಡು ಮೂರು ವರ್ಷ ಬಾಡಿಗೆಯಿಲ್ಲದೆ ಮನೆ ಕೊಡುವುದು. ಲೆಕ್ಕ ನೋಡಿ: ಆ 15 ಲಕ್ಷವನ್ನು ಶೇ. 7ರ ಠೇವಣಿಗೆ ಹಾಕಿದರೆ ತಿಂಗಳಿಗೆ 8,750 ರೂ. ಶೇ. 9ರ ಸಾಲ ತೀರಿಸಿದರೆ ಉಳಿಯುವ ಬಡ್ಡಿ ತಿಂಗಳಿಗೆ 11,250. ಅದೇ ಮನೆಗೆ 15,000 ಬಾಡಿಗೆ ಬರುವಂತಿದ್ದರೆ ಎರಡರಲ್ಲೂ ನಿಮಗೆ ನಷ್ಟ. ಶೇ. 24, 36ರ ಕೈಸಾಲದ ಕುತ್ತಿಗೆಯಿಂದ ಬಿಡಿಸಿಕೊಳ್ಳಲು ಒಮ್ಮೆ ಭೋಗ್ಯಕ್ಕೆ ಕೊಟ್ಟರೆ ಅರ್ಥವುಂಟು. ಮದುವೆಗೆ, ಕಾರಿಗೆ, ತಮ್ಮನ ಚೀಟಿ ವ್ಯವಹಾರಕ್ಕೆ ಭೋಗ್ಯದ ಹಣ ಹಾಕಿದವರು ಮೂರು ವರ್ಷದ ಕೊನೆಗೆ ಇನ್ನೊಬ್ಬ ಭೋಗ್ಯದವನನ್ನು ಹುಡುಕುತ್ತಾರೆ, ಆಮೇಲೆ ಮತ್ತೊಬ್ಬನನ್ನು. ಯಾರೂ ಸಿಗದ ವರ್ಷ ಸೈಟೇ ಮಾರಾಟಕ್ಕೆ ಬರುತ್ತದೆ. ‘ಅರ್ಜೆಂಟ್ ಸೇಲ್’ ಎಂದು ಬರೆದ ಬೋರ್ಡುಗಳ ಹಿಂದಿನ ಕತೆ ಕೇಳಿ ನೋಡಿ, ಎಷ್ಟೋ ಕಡೆ ಇದೇ.

ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದೂ ಭೋಗ್ಯಕ್ಕೆ ಕೊಡುವವರಿದ್ದಾರೆ. ಸಾಲಪತ್ರ ತೆಗೆದು ಓದಿ, ಬ್ಯಾಂಕಿನ ಒಪ್ಪಿಗೆ ಬೇಕೆಂಬ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಕಂತು ನಿಂತರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ ಮನೆಯನ್ನೇ ವಶಪಡಿಸಿಕೊಳ್ಳಬಹುದು. ಆಗ ನಿಮಗೆ 15 ಲಕ್ಷ ಕೊಟ್ಟ ಸಂಸಾರ ಪಾತ್ರೆಪಗಡ ಸಮೇತ ಬೀದಿಯಲ್ಲಿ. ಇದು ಅನ್ಯಾಯ ಮಾತ್ರವಲ್ಲ, ಪೊಲೀಸ್ ಠಾಣೆಯಲ್ಲಿ ವಂಚನೆಯ ದೂರಾಗಿ ನಿಮ್ಮ ಬಾಗಿಲಿಗೇ ಬರುತ್ತದೆ.

ಇನ್ನೊಂದು ಜಾತಿಯ ಗಿರಾಕಿಗಳಿದ್ದಾರೆ, ಎಚ್ಚರ! ಟೈ ಕಟ್ಟಿಕೊಂಡು ಬರುತ್ತಾರೆ. ‘ಅಂಕಲ್, ನೀವೇನೂ ತಲೆ ಕೆಡಿಸಿಕೊಳ್ಳಬೇಡಿ, ಮನೆ ನಮಗೆ ಕೊಡಿ, ತಿಂಗಳು ತಿಂಗಳು ಬಾಡಿಗೆ ನಾವು ಹಾಕ್ತೀವಿ’ ಎನ್ನುತ್ತಾರೆ. ನಿಮಗೆ ತಿಂಗಳ ಬಾಡಿಗೆಯ ಆಸೆ ತೋರಿಸಿ, ನಿಮ್ಮ ಬೆನ್ನ ಹಿಂದೆ ಬೇರೊಬ್ಬರಿಗೆ ಅದೇ ಮನೆಯನ್ನು ಲಕ್ಷಗಟ್ಟಲೆ ಭೋಗ್ಯಕ್ಕೆ ಕೊಡುತ್ತಾರೆ. ಕೆಲವು ತಿಂಗಳು ಬಾಡಿಗೆ ಬರುತ್ತದೆ. ಆಮೇಲೆ ಕಚೇರಿಗೆ ಬೀಗ, ಫೋನು ಸ್ವಿಚ್ ಆಫ್. ಬೆಂಗಳೂರಿನ ಠಾಣೆಗಳಲ್ಲಿ ಇಂಥ ದೂರುಗಳು ಹೊಸದೇನಲ್ಲ. ಒಳಗಿರುವ ಸಂಸಾರ ‘ನಾವು ಲಕ್ಷಗಟ್ಟಲೆ ಕೊಟ್ಟಿದ್ದೇವೆ’ ಎನ್ನುತ್ತದೆ, ನೀವು ‘ನನಗೆ ಬಿಡಿಗಾಸೂ ಬಂದಿಲ್ಲ’ ಎನ್ನುತ್ತೀರಿ, ಇಬ್ಬರೂ ನಿಜವನ್ನೇ ಹೇಳುತ್ತಿರುತ್ತೀರಿ! ಮನೆಯಲ್ಲಿ ವಾಸ ಮಾಡುವವರ ಜೊತೆಗೇ ಕರಾರು ಮಾಡಿಕೊಳ್ಳಿ. ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಒಳಬಾಡಿಗೆಗೆ ಕೊಡುವಂತಿಲ್ಲ ಎಂದು ಬರೆಸಿ. ಇಡೀ ಕಟ್ಟಡವನ್ನು ಪಿ.ಜಿ. ನಡೆಸುವವರಿಗೆ ವಹಿಸುವವರೂ ಇದೇ ಎಚ್ಚರ ಇಟ್ಟುಕೊಳ್ಳಬೇಕು.

ಕರಾರು ಎಂದೆವಲ್ಲ, ಆ ಕಾಗದವನ್ನು ಒಮ್ಮೆ ಬೀರುವಿನಿಂದ ತೆಗೆದು ನೋಡಿ. ಮನೆ ನಿಮ್ಮದು. ನೆಲ ನಿಮ್ಮದು. ಭಾಷೆ ಯಾರದು? ಟೈಪಿಂಗ್ ಅಂಗಡಿಯವನು ಯಾವುದೋ ಕಾಲದ ಇಂಗ್ಲಿಷ್ ನಕಲನ್ನು ತೆಗೆದು ಹೆಸರು ಬದಲಿಸಿ ಕೊಟ್ಟ ನಾಲ್ಕು ಹಾಳೆ. ‘ಲೆಸ್ಸರ್’ ಯಾರು, ‘ಲೆಸ್ಸೀ’ ಯಾರು ಎಂದು ಮಾಲೀಕರಿಗೆ ಗೊತ್ತಿಲ್ಲ. ಎಲ್ಲಿ ಬೆರಳು ತೋರಿಸಿದರೋ ಅಲ್ಲಿ ರುಜು. ಬಾಡಿಗೆದಾರ ಓದಿಕೊಂಡ ಹುಡುಗನಾದರೆ ತನ್ನ ಕಂಪನಿಯ ನಮೂನೆಯನ್ನೇ ತಂದಿರುತ್ತಾನೆ. ಮೂರು ವರ್ಷ ಬಾಡಿಗೆ ಏರಿಸುವಂತಿಲ್ಲ, ಎಲ್ಲ ದುರಸ್ತಿಯೂ ಮಾಲೀಕರದೇ, ಅಡ್ವಾನ್ಸ್ ತಡವಾದರೆ ಬಡ್ಡಿ ಕೊಡಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಅವನದು ತಪ್ಪಲ್ಲ. ಅವನು ಓದಿ ರುಜು ಹಾಕಿದ, ನೀವು ಓದದೆ ಹಾಕಿದಿರಿ.

ಬಾಡಿಗೆ ಕರಾರು ಇಂಗ್ಲಿಷಿನಲ್ಲೇ ಇರಬೇಕು ಎಂದು ಯಾವ ಕಾನೂನೂ ಹೇಳಿಲ್ಲ. ಕನ್ನಡದ ಕರಾರು ಪತ್ರ ನ್ಯಾಯಾಲಯದಲ್ಲಿ ಅಷ್ಟೇ ಗಟ್ಟಿ. ಬಾಡಿಗೆದಾರರಿಗೆ ಕನ್ನಡ ಬಾರದಿದ್ದರೆ ಪಕ್ಕದಲ್ಲೇ ಅವರಿಗೆ ತಿಳಿಯುವ ಭಾಷೆಯಲ್ಲೂ ಬರೆಸಿ. ಅವರಿಗೂ ತಿಳಿಯದ ಕಾಗದಕ್ಕೆ ರುಜು ಹಾಕಿಸುವುದು ನ್ಯಾಯವಲ್ಲ. ಎರಡರಲ್ಲಿ ಅರ್ಥ ಬೇರೆಯಾದರೆ ಕನ್ನಡದ ಪಾಠವೇ ಅಂತಿಮ ಎಂಬ ಒಂದು ಸಾಲು ಸೇರಿಸಿ. ಬಾಡಿಗೆ ಎಷ್ಟು, ಯಾವ ತಾರೀಕು, ವರ್ಷಕ್ಕೆ ಎಷ್ಟು ಏರಿಕೆ, ನೀರು-ಕರೆಂಟು ಯಾರದು, ಖಾಲಿ ಮಾಡಲು ಎಷ್ಟು ತಿಂಗಳ ಮುನ್ಸೂಚನೆ, ಖಾಲಿ ಮಾಡಿದ ಎಷ್ಟು ದಿನದಲ್ಲಿ ಅಡ್ವಾನ್ಸ್ ವಾಪಸ್, ಎಷ್ಟು ಜನ ವಾಸ... ಇಷ್ಟು ಸ್ಪಷ್ಟವಾಗಿದ್ದರೆ ಎರಡು ಹಾಳೆ ಸಾಕು.

ಈ 11 ತಿಂಗಳ ಗುಟ್ಟನ್ನೂ ಬಿಡಿಸಿಬಿಡೋಣ. ‘ಹನ್ನೊಂದು ತಿಂಗಳು ಮೀರಿದರೆ ಬಾಡಿಗೆದಾರನಿಗೆ ಹಕ್ಕು ಬಂದುಬಿಡುತ್ತದೆ, ಹನ್ನೆರಡು ವರ್ಷ ಇದ್ದರೆ ಮನೆಯೇ ಅವನದಾಗುತ್ತದೆ’ ಎಂಬ ಭಯ ನಮ್ಮ ಜನರಲ್ಲಿ ಮನೆಮಾಡಿದೆ. ಶುದ್ಧ ಸುಳ್ಳು. 11 ತಿಂಗಳು ಬರೆಯುವುದಕ್ಕೆ ಕಾರಣ ಬೇರೆ: ಒಂದು ವರ್ಷ ಮೀರಿದ ಗುತ್ತಿಗೆಯನ್ನು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಲೇಬೇಕು. ಆ ಖರ್ಚು ತಪ್ಪಿಸಿಕೊಳ್ಳಲು 11 ತಿಂಗಳು, ಅಷ್ಟೇ. ಬಾಡಿಗೆದಾರನಾಗಿ ಒಳಬಂದವನು, ಎಷ್ಟು ವರ್ಷ ಇದ್ದರೂ, ತನ್ನನ್ನು ಒಳಗೆ ಬಿಟ್ಟ ಮಾಲೀಕನ ಹಕ್ಕನ್ನೇ ಅಲ್ಲಗಳೆಯುವಂತಿಲ್ಲ. ಆದರೆ ಮೂರು ವರ್ಷದ ಭೋಗ್ಯವನ್ನು ನೂರು ರೂಪಾಯಿಯ ಛಾಪಾ ಕಾಗದದಲ್ಲಿ ಬರೆದು ಮುಗಿಸುತ್ತೀರಲ್ಲ, ಅದು ಮಾತ್ರ ತಪ್ಪು. ಅದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಲೇಬೇಕು. ಛಾಪಾ ಶುಲ್ಕದ ಲೆಕ್ಕ ಬಾಡಿಗೆ, ಅಡ್ವಾನ್ಸ್ ಎರಡರ ಮೇಲೂ ಇದೆ. ಕಡಿಮೆ ಕಟ್ಟಿದ ಕಾಗದವನ್ನು ನಾಳೆ ನ್ಯಾಯಾಲಯಕ್ಕೆ ಒಯ್ದರೆ ದಂಡ ಸಮೇತ ಕಟ್ಟದೆ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ.

ಬಾಡಿಗೆ ಕೊಡದೆ ಕುಳಿತವನನ್ನು ಏನು ಮಾಡುವುದು? ಕರೆಂಟು ಕಿತ್ತುಹಾಕಿ, ನೀರು ನಿಲ್ಲಿಸಿ, ಬಾಗಿಲಿಗೆ ಬೀಗ ಹಾಕಿ ಓಡಿಸುತ್ತೇನೆ ಎನ್ನುವ ಶೂರರಿದ್ದಾರೆ. ಅವನು ಮಾರನೇ ದಿನ ತಡೆಯಾಜ್ಞೆ ತರುತ್ತಾನೆ, ಅಲ್ಲಿಂದ ನೀವೇ ಅಪರಾಧಿ. ಹಳೆಯ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗದಲ್ಲಿ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ಊರಿನಲ್ಲಿ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಇಂದು ಅಷ್ಟು ಕಡಿಮೆಗೆ ಮನೆ ಎಲ್ಲಿದೆ? ಆದ್ದರಿಂದ ನಿಮ್ಮ ದಾರಿ ಸ್ವತ್ತು ವರ್ಗಾವಣೆ ಕಾಯ್ದೆಯದು. ತಿಂಗಳ ಬಾಡಿಗೆಯಾದರೆ, ಕರಾರಿನಲ್ಲಿ ಬೇರೆ ಅವಧಿ ಇಲ್ಲದಿದ್ದರೆ, 15 ದಿನದ ಲಿಖಿತ ನೋಟಿಸ್. ಅದಕ್ಕೂ ಬಗ್ಗದಿದ್ದರೆ ಸಿವಿಲ್ ದಾವೆ. ದಾವೆಗೆ ವರ್ಷಗಳು ಹಿಡಿಯುತ್ತವೆ, ನಿಜ. ಅದಕ್ಕೇ ಹೇಳುವುದು, ಎರಡನೇ ತಿಂಗಳು ಬಾಡಿಗೆ ತಪ್ಪಿದಾಗಲೇ ನೋಟಿಸ್ ಕೊಡಿ. ‘ಪಾಪ, ಕೊಡ್ತಾನೆ’ ಎಂದು ಅಡ್ವಾನ್ಸ್ ಪೂರ್ತಿ ಕರಗುವವರೆಗೆ ಕಾಯಬೇಡಿ.

ಬಾಡಿಗೆದಾರರು ಇರುವ ಹಳೇ ಮನೆಯನ್ನು ಕೊಳ್ಳುವವರಿಗೆ ಒಂದು ಮಾತು. ಹಿಂದಿನ ಮಾಲೀಕ ಅವರಿಂದ ಎಷ್ಟು ಅಡ್ವಾನ್ಸ್, ಎಷ್ಟು ಭೋಗ್ಯದ ಹಣ ಪಡೆದಿದ್ದಾನೆ ಎಂದು ಬಾಡಿಗೆದಾರರನ್ನೇ ಕೇಳಿ ಬರೆಸಿಕೊಳ್ಳಿ. ಅಷ್ಟನ್ನೂ ಖರೀದಿ ಬೆಲೆಯಲ್ಲಿ ಮುರಿದುಕೊಳ್ಳಿ. ಇಲ್ಲವಾದರೆ ಅವನು ತಿಂದದ್ದನ್ನು ನೀವು ಕಕ್ಕಬೇಕು. ಖಾತಾ ಎಂಬುದು ಕಂದಾಯದ ಪುಸ್ತಕದ ಹೆಸರು, ಮಾಲೀಕತ್ವದ ಪತ್ರವಲ್ಲ. ಕ್ರಯಪತ್ರ, ಋಣಭಾರ ಪತ್ರ, ಅಣ್ಣತಮ್ಮಂದಿರ ಭಾಗದ ಕಾಗದ ಎಲ್ಲವನ್ನೂ ನೋಡಿಯೇ ಮುಂಗಡ ಕೊಡಿ. 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿಯೂ ಕಷ್ಟ.

ಕಂದಾಯದಲ್ಲಿ ಜಾಣತನ ಬೇಡ. ಬೆಂಗಳೂರಿನ ಸ್ವಯಂ ಘೋಷಣೆ ಪದ್ಧತಿಯಲ್ಲಿ ಬಾಡಿಗೆಗೆ ಕೊಟ್ಟ ಭಾಗದ ದರ ಸ್ವಂತ ವಾಸದ ದರದ ಎರಡರಷ್ಟು. ಮೂರೂ ಮನೆಗೆ ‘ಸ್ವಂತ ವಾಸ’ ಎಂದು ಬರೆದವರಿಗೆ ನೋಟಿಸ್ ಬಂದರೆ ಬಾಕಿ, ಬಡ್ಡಿ, ದಂಡ ಮೂರೂ ಸೇರುತ್ತವೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂತು ಎಂದು ಹಳೇ ಬಾಕಿ ಅಳಿಸಿಹೋಗಿಲ್ಲ. ಆದಾಯ ತೆರಿಗೆಗೆ ಹೆದರಿ ಬಾಡಿಗೆ ಮುಚ್ಚಿಡುವವರಿಗೆ: ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ. 30ನ್ನು ಯಾವ ರಸೀದಿಯನ್ನೂ ಕೇಳದೆ ಬಿಡುತ್ತಾರೆ, ಸಾಲದ ಬಡ್ಡಿಯನ್ನೂ ಕಳೆಯುತ್ತಾರೆ. ಸಣ್ಣ ಮಾಲೀಕರಿಗೆ ಕಟ್ಟಬೇಕಾದ ತೆರಿಗೆ ಎಷ್ಟೋ ಸಲ ಏನೂ ಉಳಿಯುವುದಿಲ್ಲ. ವರ್ಷಕ್ಕೆ ಲಕ್ಷ ಮೀರಿ ಬಾಡಿಗೆ ಕಟ್ಟುವ ನೌಕರ ಮನೆ ಬಾಡಿಗೆ ಭತ್ಯೆಯ ವಿನಾಯಿತಿಗೆ ನಿಮ್ಮ ಪಾನ್ ಸಂಖ್ಯೆ ಕೊಟ್ಟಿರುತ್ತಾನೆ, ಮುಚ್ಚಿಟ್ಟು ಪ್ರಯೋಜನವೇನು?

ಅಂತಸ್ತಿನ ದುರಾಸೆಯ ಬಗ್ಗೆ ಹೇಳದೆ ಇರಲಾಗದು. ನಕ್ಷೆಯಲ್ಲಿ ಎರಡು, ಕಟ್ಟುವುದು ಐದು. 2024ರ ಅಕ್ಟೋಬರ್‌ನಲ್ಲಿ ಮಳೆಯ ನಡುವೆ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಕೂಲಿಗಾರರು ಹೆಣವಾದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನಾನುಭವ ಪ್ರಮಾಣಪತ್ರ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದಿತು. ಸಣ್ಣ ನಿವೇಶನಗಳಿಗೆ ರಾಜ್ಯ ಸರ್ಕಾರ ಆಮೇಲೆ ಸಡಿಲಿಕೆ ಕೊಟ್ಟರೂ ಅದು ಇಂತಿಷ್ಟೇ ಅಂತಸ್ತು ಎಂಬ ಮಿತಿಗೆ ಒಳಪಟ್ಟದ್ದು. ಮೀಟರ್ ಸಿಗದ ನಾಲ್ಕನೇ ಅಂತಸ್ತಿಗೆ ಯಾರು ಬರುತ್ತಾರೆ? ನೀರಿನ ಕತೆಯೂ ಅಷ್ಟೇ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಬಾಡಿಗೆಯವರು ಮನೆ ಬಿಟ್ಟರು, ಟ್ಯಾಂಕರ್ ಬಿಲ್ಲು ಬಾಡಿಗೆಯನ್ನೇ ನುಂಗಿತು. ಆ ವರ್ಷದ ಅಕ್ಟೋಬರ್‌ನಲ್ಲಿ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತ ಶುರುವಾಗಿದೆ. ಹೊರವಲಯದಲ್ಲಿ ಇರುವವರು ಮೇಲಿನ ಅಂತಸ್ತಿಗೆ ಇಟ್ಟಿಗೆ ತರಿಸುವ ಮೊದಲು ಕಾವೇರಿ ಸಂಪರ್ಕಕ್ಕೆ ಅರ್ಜಿ ಹಾಕಿ, ಮಳೆನೀರು ಹಿಡಿಯುವ ತೊಟ್ಟಿ ತೋಡಿಸಿ.

ಮುಂದಿನ ಸಂಚಿಕೆಯಲ್ಲಿ ಕನ್ನಡದ ಒಂದು ಮಾದರಿ ಬಾಡಿಗೆ ಕರಾರು ಪತ್ರವನ್ನು ಎರಡು ಪುಟದಲ್ಲಿ ಅಚ್ಚು ಹಾಕುತ್ತಿದ್ದೇವೆ. ಕತ್ತರಿಸಿ ಇಟ್ಟುಕೊಳ್ಳಿ, ನಿಮ್ಮ ವಕೀಲರಿಗೆ ಒಮ್ಮೆ ತೋರಿಸಿ, ಟೈಪಿಂಗ್ ಅಂಗಡಿಯವನ ಮುಂದೆ ಇಡಿ. ‘ಕನ್ನಡದಲ್ಲಿ ಆಗಲ್ಲ ಸಾರ್’ ಎಂದರೆ ಪಕ್ಕದ ಅಂಗಡಿಗೆ ಹೋಗಿ.